ಕಮ್ಯುನಿಟಿ ಕಾಲೇಜಿನ ಗ್ರೇಡ್: ಗಣಿತದ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತಿನ ಪ್ರಶ್ನೋತ್ತರ ಕಮ್ಯುನಿಟಿ ಕಾಲೇಜಿನ (ಅಮೆರಿಕದ ಎರಡು ವರ್ಷದ ಸರ್ಕಾರಿ ಕಾಲೇಜು, ಅಲ್ಲಿಂದ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಟ್ರಾನ್ಸ್‌ಫರ್ ಆಗಬಹುದು) ಗ್ರೇಡ್ ಬಗ್ಗೆ. ನಮ್ಮ ಗುಂಪಿನ ಗಣಿತದ ಮೇಡಂ ಬೇ ಏರಿಯಾದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಗ್ರೇಡ್ ನಿಯಮ ನೋಡಿಕೊಳ್ಳುವ ಅಲ್ಲಿನ ಸಮಿತಿಯಲ್ಲೂ ಇದ್ದಾರೆ. ನವೆಂಬರ್ ಬಂತು. ಕ್ಲಾಸ್ ಬಿಡುವ ಕೊನೇ ದಿನಾಂಕ ಹತ್ತಿರ ಇದೆ, ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅರ್ಜಿಯೂ ಇದೇ ತಿಂಗಳು. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಗಣಿತದ ಮೇಡಂ: ನಮಸ್ಕಾರ. ನಾನು ಹೇಳುವುದು ಕ್ಯಾಲಿಫೋರ್ನಿಯಾದ ಕಾಲೇಜುಗಳ ಮಾತು. ಬೇರೆ ರಾಜ್ಯದವರು ತಮ್ಮ ಕಾಲೇಜಿನ ಕ್ಯಾಟಲಾಗ್ ನೋಡಿ. ಇಲ್ಲೂ ದಿನಾಂಕಗಳು ಒಂದೊಂದು ಕಾಲೇಜಿಗೆ ಒಂದೊಂದು ಥರ. ಕೇಳಿ.

ಫ್ರೀಮಾಂಟ್ ಅಮ್ಮ: ಮೇಡಂ, ಮಗನಿಗೆ 16. ಹೈಸ್ಕೂಲಿನ ಜೊತೆಗೇ ಕಾಲೇಜಿನಲ್ಲಿ ಒಂದು ಕ್ಲಾಸ್ ತೆಗೆದುಕೊಂಡಿದ್ದಾನೆ. ಅವನ ಮಾರ್ಕ್ಸ್ ಕೇಳಿ ಪ್ರೊಫೆಸರಿಗೆ ಮೇಲ್ ಹಾಕಿದರೆ ಉತ್ತರವೇ ಇಲ್ಲ. ಹೆತ್ತವರಿಗೂ ಹೇಳಲ್ಲ ಅಂದರೆ ಹೇಗೆ?

ಗಣಿತದ ಮೇಡಂ: ಕಾರಣ 1974ರ ಫೆರ್ಪಾ, ವಿದ್ಯಾರ್ಥಿಗಳ ದಾಖಲೆ ಗುಟ್ಟಾಗಿಡುವ ಕಾನೂನು. ಕಾಲೇಜಿಗೆ ಸೇರಿದ ಮೇಲೆ ಆ ದಾಖಲೆಯ ಹಕ್ಕು ವಿದ್ಯಾರ್ಥಿಯದು, ವಯಸ್ಸು 16 ಆದರೂ ಅಷ್ಟೇ. ಅವನ ಲಿಖಿತ ಒಪ್ಪಿಗೆ ಇಲ್ಲದೆ ನಾವು ಸಾಮಾನ್ಯವಾಗಿ ಅಪ್ಪ ಅಮ್ಮನ ಹತ್ತಿರ ಗ್ರೇಡ್ ಮಾತಾಡುವುದಿಲ್ಲ. ಅವರು ಅಸಡ್ಡೆಯಿಂದ ಸುಮ್ಮನಿದ್ದಾರೆ ಅಂದುಕೊಳ್ಳಬೇಡಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಯಾನ್ವಾಸ್ (ಮಾರ್ಕ್ಸ್ ಕಾಣಿಸುವ ಕಾಲೇಜಿನ ವೆಬ್‌ಸೈಟ್) ತೆರೆಸಿ, ಅವನೇ ತೋರಿಸಲಿ.

ಇನ್ನೊಂದು ವಿಷಯ. ಆ ಗ್ರೇಡ್ ಹೈಸ್ಕೂಲಿನ ಜೊತೆ ಮುಗಿಯುವುದಿಲ್ಲ. ಅದು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಧಿಕೃತ ಅಂಕಪಟ್ಟಿ, ಶಾಶ್ವತ. ಮುಂದೆ ಮೆಡಿಕಲ್ ಸ್ಕೂಲಿಗೆ ಎಎಂಸಿಎಎಸ್ ಅನ್ನುವ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಹಾಕಿದರೆ ಹೈಸ್ಕೂಲಿನಲ್ಲಿದ್ದಾಗ ಓದಿದ ಕಾಲೇಜು ಕ್ಲಾಸುಗಳೂ ಲೆಕ್ಕಕ್ಕೆ ಬರುತ್ತವೆ. ಪಕ್ಕದ ಮನೆ ಹುಡುಗಿ ತೆಗೆದುಕೊಂಡಳು ಅಂತ 14, 15ನೇ ವಯಸ್ಸಿಗೇ ಕ್ಯಾಲ್ಕುಲಸ್‌ಗೆ ತಳ್ಳುವವರು ಇದನ್ನು ಎರಡು ಸಲ ಓದಿ.

ಮಿಲ್ಪಿಟಸ್ ಅಪ್ಪ: ಕೆಮಿಸ್ಟ್ರಿಯಲ್ಲಿ ಮಗಳಿಗೆ ಸಿ ಬಂದಿದೆ. ಮತ್ತೆ ತೆಗೆದುಕೊಂಡು ಎ ಮಾಡಿಕೊಳ್ಳಬಹುದಾ?

ಗಣಿತದ ಮೇಡಂ: ಇಲ್ಲ. ಸಿ ಅಥವಾ ಮೇಲೆ ಬಂದಿದ್ದರೆ ಗ್ರೇಡ್ ಹೆಚ್ಚಿಸಿಕೊಳ್ಳಲು ರಿಪೀಟ್ ಇಲ್ಲ. ಡಿ, ಎಫ್, ಎನ್‌ಪಿ (ನೋ ಪಾಸ್) ಬಂದರೆ ಮಾತ್ರ. ಡಬ್ಲ್ಯು (ವಿತ್‌ಡ್ರಾ, ಕ್ಲಾಸ್ ನಡುವೆ ಬಿಟ್ಟ ಗುರುತು) ಕೂಡ ಸೇರಿಸಿ ಒಂದು ಕ್ಲಾಸಿಗೆ ಸಾಮಾನ್ಯವಾಗಿ ಮೂರೇ ಅವಕಾಶ.

ಕ್ಯುಪರ್ಟಿನೋ ಮಾವ: ಬೇರೆ ಗುಂಪಿನಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. 👇
“ಕಾಲೇಜು ಮಕ್ಕಳ ತಂದೆತಾಯಿಗಳ ಗಮನಕ್ಕೆ. 1) ಗ್ರೇಡ್ ಕೆಟ್ಟರೆ ಡಬ್ಲ್ಯು ತೆಗೆದುಕೊಳ್ಳಿ, ಎಲ್ಲೂ ಕಾಣಿಸುವುದಿಲ್ಲ. 2) ಎಲ್ಲ ಕ್ಲಾಸನ್ನೂ ಪಾಸ್/ನೋ ಪಾಸ್ ಮಾಡಿಸಿ, ಜಿಪಿಎ ಸೇಫ್. 3) ಎಫ್ ಬಂದರೆ ಬೇರೆ ಕಾಲೇಜಿಗೆ ಸೇರಿ, ಹಳೇ ಟ್ರಾನ್ಸ್‌ಕ್ರಿಪ್ಟ್ ಯಾರಿಗೂ ತೋರಿಸಬೇಡಿ. ತಪ್ಪದೆ ಶೇರ್ ಮಾಡಿ.”

ಗಣಿತದ ಮೇಡಂ: ದಯವಿಟ್ಟು ಇದನ್ನು ಡಿಲೀಟ್ ಮಾಡಿ. ಮೂರೂ ತಪ್ಪು.

ಡಬ್ಲ್ಯು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣಿಸುತ್ತದೆ. ಜಿಪಿಎಗೆ (ಗ್ರೇಡ್‌ಗಳ ಸರಾಸರಿ) ಸೇರುವುದಿಲ್ಲ, ಅಷ್ಟೇ ನಿಜ. ಸೇರಿಕೊಂಡ ಕ್ಲಾಸುಗಳ ಯುನಿಟ್ (ಕ್ರೆಡಿಟ್) ಒಟ್ಟು 12 ಮುಟ್ಟಿದ ಮೇಲೆ ಅದರಲ್ಲಿ ಅರ್ಧಕ್ಕರ್ಧ ಡಬ್ಲ್ಯು, ಎನ್‌ಪಿ, ಇನ್‌ಕಂಪ್ಲೀಟ್ ಆದರೆ ಪ್ರೋಗ್ರೆಸ್ ಪ್ರೊಬೇಷನ್, ಅಂದರೆ ಕಾಲೇಜಿನಿಂದ ಎಚ್ಚರಿಕೆ. ಫೈನಾನ್ಷಿಯಲ್ ಏಡ್‌ಗೂ ಏಟು ಬೀಳುತ್ತದೆ. ಯಾವ ಗುರುತೂ ಇಲ್ಲದೆ ಬಿಡುವ ದಿನ ಸೆಮಿಸ್ಟರಿನ ಶುರುವಿನಲ್ಲೇ ಮುಗಿದುಹೋಗಿರುತ್ತದೆ.

ಪಾಸ್/ನೋ ಪಾಸ್ (ಅಕ್ಷರದ ಗ್ರೇಡ್ ಬದಲು ಪಾಸಾ ಇಲ್ಲವಾ ಅಷ್ಟೇ): ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಂದ ಯುಸಿ ಒಪ್ಪುವುದು 14 ಸೆಮಿಸ್ಟರ್ ಯುನಿಟ್ ತನಕ ಮಾತ್ರ. ಮೇಜರ್‌ಗೆ ಬೇಕಾದ ಗಣಿತ, ವಿಜ್ಞಾನಕ್ಕೆ ಹಲವು ಕಡೆ ಅಕ್ಷರದ ಗ್ರೇಡೇ ಬೇಕು.

ಮೂರನೆಯದು ಶುದ್ಧ ಮೋಸ. ಓದಿದ ಪ್ರತಿಯೊಂದು ಕಾಲೇಜನ್ನೂ ಅರ್ಜಿಯಲ್ಲಿ ಹೇಳಲೇಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಸೀಟು ರದ್ದಾಗುತ್ತದೆ. ಎಫ್ ಬಂದ ಹುಡುಗ ಮೇಲೇಳಬಹುದು. ಸುಳ್ಳು ಹೇಳಿ ಸಿಕ್ಕಿಬಿದ್ದವನ ಪರವಾಗಿ ಮಾತಾಡುವುದು ನಮಗೂ ಕಷ್ಟ.

ದಾವಣಗೆರೆ ಅಣ್ಣ: ಮೇಡಂ, ಅರ್ಜೆಂಟ್. ನಾನು ಟೆಕ್ಸಾಸಿನಲ್ಲಿದ್ದೇನೆ. ನನ್ನ ತಮ್ಮ ಊರಿಂದ ಎಫ್-1 ವಿದ್ಯಾರ್ಥಿ ವೀಸಾ ಮೇಲೆ ಬಂದು ನಿಮ್ಮ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಮೊದಲ ಸೆಮಿಸ್ಟರ್ ಓದುತ್ತಿದ್ದಾನೆ. ಕ್ಯಾಲ್ಕುಲಸ್ 5 ಯುನಿಟ್, ಫಿಸಿಕ್ಸ್ 4, ಇಂಗ್ಲಿಷ್ 3 (ಅದು ಆನ್‌ಲೈನ್). ಫಿಸಿಕ್ಸ್, ಇಂಗ್ಲಿಷ್ ಬಿ ಇದೆ. ಕ್ಯಾಲ್ಕುಲಸ್ ಕೆಟ್ಟಿದೆ. ಹೋಮ್‌ವರ್ಕ್, ಕ್ವಿಜ್ ಸೇರಿ 30%, ಅದರಲ್ಲಿ ಸರಾಸರಿ 82. ತಲಾ 20%ರ ಎರಡು ಮಿಡ್‌ಟರ್ಮ್, 48 ಮತ್ತು 55. ಫೈನಲ್ 30%. ಮೇಲಿನ ಫಾರ್ವರ್ಡ್ ಅವನ ರೂಮ್‌ಮೇಟ್‌ಗೂ ಬಂದಿದೆ. ಡಬ್ಲ್ಯು ತೆಗೆದುಕೊಂಡುಬಿಡುತ್ತೇನೆ, ಬದಲಿಗೆ ಯಾವುದಾದರೂ ಆನ್‌ಲೈನ್ ಕ್ಲಾಸ್ ಸೇರುತ್ತೇನೆ ಅನ್ನುತ್ತಿದ್ದಾನೆ. ರಾತ್ರಿ ನಿದ್ದೆ ಮಾಡುತ್ತಿಲ್ಲ, ಊಟ ಸರಿಯಾಗಿಲ್ಲ. ಅಪ್ಪನಿಗೆ ಹೇಳಬೇಡ ಅಂತಾನೆ.

ಗಣಿತದ ಮೇಡಂ: ಅವನಿಗೆ ಈಗಲೇ ಫೋನ್ ಮಾಡಿ. ಡ್ರಾಪ್ ಒತ್ತಬೇಡ ಅನ್ನಿ. ಮಿಕ್ಕದ್ದು ಆಮೇಲೆ ಓದಿ.

ಎಫ್-1 ವಿದ್ಯಾರ್ಥಿ ಸೆಮಿಸ್ಟರಿಗೆ ಕನಿಷ್ಠ 12 ಯುನಿಟ್ ಓದುತ್ತಿರಬೇಕು. ಅವನ ಹತ್ತಿರ ಇರುವುದು ಸರಿಯಾಗಿ 12. ಕ್ಯಾಲ್ಕುಲಸ್ ಬಿಟ್ಟರೆ 7. ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಡಿಎಸ್‌ಒ ಅಂತ ಅಧಿಕಾರಿ ಇರುತ್ತಾರೆ. ಅವರು ಮೊದಲೇ ಒಪ್ಪದೆ 12ರ ಕೆಳಗೆ ಇಳಿದರೆ ಸೆವಿಸ್‌ನಲ್ಲಿ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆ) ಅವನ ದಾಖಲೆ ಟರ್ಮಿನೇಟ್ ಆಗಬಹುದು. ಬಿಟ್ಟ ಮೇಲೆ ಹೋಗಿ ಕೇಳಿದರೆ ಅವರ ಕೈ ಕಟ್ಟಿರುತ್ತದೆ. ಆಮೇಲೆ ಸ್ಟೇಟಸ್ ವಾಪಸ್ ಕೊಡಿ ಅಂತ ರೀಇನ್‌ಸ್ಟೇಟ್‌ಮೆಂಟ್ ಅರ್ಜಿ ಹಾಕಿ ಕಾಯಬೇಕು, ಇಲ್ಲವೇ ದೇಶ ಬಿಟ್ಟು ಹೊಸ ಐ-20 (ವೀಸಾಕ್ಕೆ ಕಾಲೇಜು ಕೊಡುವ ಪತ್ರ) ಮೇಲೆ ಬರಬೇಕು. ಆನ್‌ಲೈನ್ ಉಪಾಯವೂ ನಡೆಯಲ್ಲ. 12ರ ಲೆಕ್ಕಕ್ಕೆ ಒಂದು ಟರ್ಮಿನಲ್ಲಿ ಒಂದೇ ಆನ್‌ಲೈನ್ ಕ್ಲಾಸ್, ಅದೂ 3 ಯುನಿಟ್ ತನಕ. ಅದು ಅವನ ಇಂಗ್ಲಿಷ್‌ಗೇ ಮುಗಿಯಿತು.

ಈಗ ಮಾರ್ಕ್ಸ್. ಹೋಮ್‌ವರ್ಕಿನಿಂದ 24.6, ಮಿಡ್‌ಟರ್ಮುಗಳಿಂದ 9.6 ಮತ್ತು 11. ಒಟ್ಟು 45.2 ಈಗಾಗಲೇ ಕೈಯಲ್ಲಿದೆ. ಸಿಲಬಸ್‌ನಲ್ಲಿ ಸಿ ಅಂದರೆ 70 ಇದ್ದರೆ ಫೈನಲ್‌ನಲ್ಲಿ 83 ಬೇಕು. ಕಷ್ಟ. ಡಿಗೆ 60 ಆದರೆ ಫೈನಲ್‌ನಲ್ಲಿ 50 ಸಾಕು. 48ರಿಂದ 55ಕ್ಕೆ ಏರಿದ ಹುಡುಗನಿಗೆ ಅದು ಆಗುತ್ತದೆ. ಡಿ ಬಂದು, ಉಳಿದೆರಡು ಬಿ ಆದರೆ ಜಿಪಿಎ 2.17. ಪ್ರೊಬೇಷನ್ ಗೆರೆ 2.0. ಅವನು ಗೆರೆಯ ಮೇಲೇ ಇರುತ್ತಾನೆ. ಡಿ ಬಂದ ಕ್ಲಾಸನ್ನು ಮತ್ತೆ ಓದಬಹುದು, ಆಗ ಕಾಲೇಜಿನ ಜಿಪಿಎಗೆ ಹೊಸ ಗ್ರೇಡ್ ಬರುತ್ತದೆ. ಹಳೇ ಡಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಉಳಿಯುತ್ತದೆ, ಉಳಿಯಲಿ. ಡಿ ಸರಿ ಮಾಡಿಕೊಳ್ಳಬಹುದು. ಹೋದ ವೀಸಾ ಸ್ಟೇಟಸ್ ಅಷ್ಟು ಸುಲಭಕ್ಕೆ ಬರಲ್ಲ.

ಬಿಡಲೇಬೇಕು ಅಂದರೆ ಅದಕ್ಕೂ ದಾರಿ ಇದೆ. ಮೊದಲ ಸಲ ಬಂದವರಿಗೆ ಇಲ್ಲಿನ ಪಾಠದ ಕ್ರಮ ಹೊಸದು, ಇಂಗ್ಲಿಷ್ ಕಷ್ಟ, ಅಥವಾ ತಪ್ಪು ಮಟ್ಟದ ಕ್ಲಾಸಿಗೆ ಸೇರಿದ್ದಾರೆ ಅನ್ನುವ ಕಾರಣಕ್ಕೆ ಡಿಎಸ್‌ಒ ಕಡಿಮೆ ಯುನಿಟ್‌ಗೆ ಒಪ್ಪಬಹುದು. ಕನಿಷ್ಠ 6 ಯುನಿಟ್ ಉಳಿಯಬೇಕು. ಅವನಿಗೆ 7 ಉಳಿಯುತ್ತದೆ. ಈ ಹಂತದ ಓದಿಗೆ ಇದು ಒಂದೇ ಸಲ ಸಿಗುವುದು, ಮುಂದಿನ ಟರ್ಮಿನಲ್ಲಿ ಮತ್ತೆ ಪೂರ್ತಿ 12.

ಇನ್ನು ಹೋಮ್‌ವರ್ಕ್ 82, ಪರೀಕ್ಷೆ 50. ಈ ಅಂತರ ನನ್ನ ಕ್ಲಾಸಿನಲ್ಲಿ ಊರಿಂದ ಬಂದ ಮಕ್ಕಳಲ್ಲಿ ತುಂಬಾ ನೋಡುತ್ತೇನೆ. ಉತ್ತರ ಸರಿ ಇರುತ್ತದೆ. ಲಿಮಿಟ್ ಯಾಕೆ ಇದೆ ಅಥವಾ ಇಲ್ಲ, ಎರಡು ವಾಕ್ಯದಲ್ಲಿ ಬರೆಯಿರಿ ಅಂದ ಜಾಗ ಖಾಲಿ. ನಡುವಿನ ಹೆಜ್ಜೆ ಮನಸ್ಸಿನಲ್ಲೇ ಮಾಡಿ ಕೊನೇ ಸಾಲು ಮಾತ್ರ ಬರೆದಿರುತ್ತಾರೆ. ಆರರ ಪ್ರಶ್ನೆಗೆ ಎರಡು ಮಾರ್ಕು. ನಿಮ್ಮ ತಮ್ಮನದೂ ಹೀಗೇ ಅಂತ ಅವನ ಪೇಪರ್ ನೋಡದೆ ಹೇಳಲಾರೆ. ಎರಡೂ ಮಿಡ್‌ಟರ್ಮ್ ಪೇಪರ್ ಹಿಡಿದು ಈ ವಾರ ಪ್ರೊಫೆಸರರ ಆಫೀಸ್ ಅವರ್‌ಗೆ ಹೋಗಲಿ. “ನಾನು ಎಲ್ಲಿ ಮಾರ್ಕು ಕಳೆದುಕೊಂಡೆ” ಅಂತ ಕೇಳಲಿ. ಮಾರ್ಕು ಜಾಸ್ತಿ ಮಾಡಿ ಅಂತ ಕೇಳುವುದು ಬೇಡ.

ನನಗೆ ಇದೆಲ್ಲಕ್ಕಿಂತ ನಿದ್ದೆ ಊಟದ ಮಾತು ಚಿಂತೆ ತಂದಿದೆ. ಕಾಲೇಜಿನ ಹೆಲ್ತ್ ಸೆಂಟರಿಗೆ ನಾಳೆಯೇ ಹೋಗಲಿ. ವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರ ಪತ್ರ ಇದ್ದರೆ ಆರೋಗ್ಯದ ಕಾರಣಕ್ಕೂ ಡಿಎಸ್‌ಒ ಒಪ್ಪಿಗೆ ಕೊಡಬಹುದು. ರಾತ್ರಿ ಹೊತ್ತಿನಲ್ಲಿ ಅವನಿಗೆ ತಡೆಯಲಾಗದಷ್ಟು ಕಷ್ಟ ಆದರೆ 988ಕ್ಕೆ (ಮಾನಸಿಕ ಸಂಕಷ್ಟದ ಸಹಾಯವಾಣಿ) ಫೋನ್ ಅಥವಾ ಮೆಸೇಜ್ ಮಾಡಬಹುದು. ಅವನ ಜೊತೆ ದಿನಾ ಮಾತಾಡಿ. ಅಪ್ಪನಿಗೆ ಯಾವಾಗ ಹೇಳಬೇಕು ಅನ್ನುವುದು ಆಮೇಲಿನದು.

ದಾವಣಗೆರೆ ಅಣ್ಣ: ಫೋನ್ ಮಾಡಿದೆ ಮೇಡಂ. ಒತ್ತಿಲ್ಲ. ತುಂಬಾ ಥ್ಯಾಂಕ್ಸ್.

ಸ್ಯಾಂಟಾ ಕ್ಲಾರಾ ಅಪ್ಪ: ನನ್ನ ಮಗಳಿಗೆ 89.6 ಬಂದರೂ ಬಿ ಪ್ಲಸ್ ಹಾಕಿದ್ದಾರೆ. 90 ಮಾಡಲು ಇವರಿಗೇನು ಗಂಟು ಹೋಗುತ್ತದೆ? ನಮ್ಮ ವಿಟಿಯು ಥರ ರೀವ್ಯಾಲ್ಯುಯೇಷನ್ ಇಲ್ಲವಾ?

ಗಣಿತದ ಮೇಡಂ: ಇಲ್ಲ. ಪೇಪರನ್ನು ಮೂರನೆಯವರು ತಿದ್ದುವ ಪದ್ಧತಿ ಇಲ್ಲಿಲ್ಲ. ರಾಜ್ಯದ ಎಜುಕೇಷನ್ ಕೋಡ್ 76224ರ ಪ್ರಕಾರ ಪಾಠ ಮಾಡಿದವರು ಕೊಟ್ಟ ಗ್ರೇಡೇ ಅಂತಿಮ. ಲೆಕ್ಕದ ತಪ್ಪು, ವಂಚನೆ, ದುರುದ್ದೇಶ, ಅಸಮರ್ಥತೆ, ಈ ನಾಲ್ಕರಲ್ಲಿ ಒಂದನ್ನು ತೋರಿಸಬೇಕು. ರೌಂಡ್ ಮಾಡುತ್ತೇವೆ ಅಂತ ಸಿಲಬಸ್‌ನಲ್ಲಿ ಬರೆದಿದೆಯಾ ನೋಡಿ. ಬರೆದಿದ್ದರೆ ಮಗಳು ಕೇಳಲಿ.

ಸ್ಯಾಂಟಾ ಕ್ಲಾರಾ ಅಪ್ಪ: 0.4ಕ್ಕೆ ಇಷ್ಟೊಂದು ಕಾನೂನಾ? ನಮ್ಮ ಕಡೆ 2024ರಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗ್ರೇಸ್ ಮಾರ್ಕ್ಸ್ 10%ರಿಂದ 20% ಮಾಡಿದರು. ಮಕ್ಕಳ ಮೇಲೆ ಕರುಣೆ ಇತ್ತು.

ಹಾಸನದ ಮೇಷ್ಟ್ರ ಮಗಳು: ಅದು ಕರುಣೆ ಅಲ್ಲ ಸರ್. ವೆಬ್‌ಕಾಸ್ಟಿಂಗ್ ಹಾಕಿ ನಕಲು ನಿಲ್ಲಿಸಿದ ವರ್ಷ ಫಲಿತಾಂಶ ಕುಸಿಯಿತು, ಅದನ್ನು ಎತ್ತಲು ಗ್ರೇಸ್ ಕೊಟ್ಟರು. ಕೊಟ್ಟ ಮೇಲೂ 73.40%. ಆ ಮಕ್ಕಳು ಪಿಯುಸಿಯಲ್ಲಿ ಪಟ್ಟ ಪಾಡು ನಮ್ಮ ತಂದೆ ಕ್ಲಾಸಿನಲ್ಲಿ ನೋಡಿದ್ದಾರೆ.

ಸ್ಯಾಂಟಾ ಕ್ಲಾರಾ ಅಪ್ಪ: ಹಳ್ಳಿ ಮಕ್ಕಳು ಫೇಲಾಗಿ ಓದು ಬಿಡಬೇಕಿತ್ತಾ ಹಾಗಾದರೆ? ಅಮೆರಿಕದಲ್ಲಿ ಕೂತು ಹೇಳುವುದು ಸುಲಭ.

ಹಾಸನದ ಮೇಷ್ಟ್ರ ಮಗಳು: ನಾನು ಹಳ್ಳಿ ಶಾಲೆಯಲ್ಲೇ ಓದಿದ್ದು. ಓದು ಬಿಡಬಾರದು ಅಂದರೆ ಪಾಠ ಹೇಳಿಕೊಡಬೇಕು, ಮಾರ್ಕು ಸುರಿದರೆ ಆಗಲ್ಲ.

ಡಬ್ಲಿನ್ ಅತ್ತೆ: ಇಷ್ಟಕ್ಕೂ ಕಮ್ಯುನಿಟಿ ಕಾಲೇಜಿಗೆ ಇಷ್ಟು ಚರ್ಚೆ ಯಾಕೆ? ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ, ಸ್ಟ್ಯಾಂಡರ್ಡ್ ಎಲ್ಲಿಂದ ಬರಬೇಕು? ನೆಂಟರ ಮುಂದೆ ಹೇಳಿಕೊಳ್ಳಲೂ ಆಗಲ್ಲ.

ಬರ್ಕ್ಲಿ ಹುಡುಗ: ಅತ್ತೆ, ನಾನು ಕಮ್ಯುನಿಟಿ ಕಾಲೇಜಿನಿಂದಲೇ ಬರ್ಕ್ಲಿಗೆ ಬಂದವನು. ಇಲ್ಲಿ ಲೀನಿಯರ್ ಆಲ್ಜಿಬ್ರಾ ನನಗೆ ಹೊಸದೇ ಅನಿಸಲಿಲ್ಲ. ನಿಮಗೆ ನಾಚಿಕೆ ಆದರೆ ಅದು ನಿಮ್ಮ ನೆಂಟರ ಸಮಸ್ಯೆ.

ಡಬ್ಲಿನ್ ಅತ್ತೆ: ದೊಡ್ಡವರ ಹತ್ತಿರ ಮಾತಾಡುವ ರೀತಿನಾ ಇದು?

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ. 🙏

ಗಣಿತದ ಮೇಡಂ: ಸ್ಟ್ಯಾಂಡರ್ಡ್ ಎಲ್ಲಿಂದ ಬರುತ್ತದೆ ಅಂತ ಕೇಳಿದ್ದೀರಿ, ಹೇಳುತ್ತೇನೆ. ಪ್ರತಿ ಕೋರ್ಸಿಗೂ ಏನು ಕಲಿಸಬೇಕು, ಹೇಗೆ ಅಳೆಯಬೇಕು ಅಂತ ಅಧಿಕೃತ ಔಟ್‌ಲೈನ್ ಇರುತ್ತದೆ. ಅದನ್ನು ನೋಡಿ ಯುಸಿಯವರು ಕೋರ್ಸ್ ಒಪ್ಪುತ್ತಾರೆ. ಯಾವುದು ಯಾವುದಕ್ಕೆ ಸಮ ಅಂತ ಅಸಿಸ್ಟ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ನಾವು ಪಾಠ ಸಡಿಲ ಮಾಡಿ ಎ ಹಂಚಿದರೆ ಆ ಮಕ್ಕಳು ಮೂರನೇ ವರ್ಷ ಯೂನಿವರ್ಸಿಟಿಯಲ್ಲಿ ಮುಗ್ಗರಿಸುತ್ತಾರೆ. ಬಾಗಿಲು ಎಲ್ಲರಿಗೂ ತೆರೆದಿದೆ, ಯುನಿಟ್‌ಗೆ 46 ಡಾಲರ್‌ಗೆ ಈ ರಾಜ್ಯದ ಯಾರು ಬೇಕಾದರೂ ಬರಬಹುದು. ಒಳಗೆ ಬಂದವರಿಗೆ 3 ಯುನಿಟ್ ಅಂದರೆ ವಾರಕ್ಕೆ ಮೂರು ಗಂಟೆ ಕ್ಲಾಸ್, ಆರು ಗಂಟೆ ಮನೆ ಓದು. ಹಗಲು ಕೆಲಸ ಮಾಡಿ ಸಂಜೆ ಬಂದು ಕೂರುವವರಿಗೆ ಪಾಠ ಹೇಳುತ್ತೇನೆ. ಅವರ ಓದನ್ನು ಹೀಗೆ ಹಗುರ ಮಾಡಬೇಡಿ.

ಪ್ಲೆಸಂಟನ್ ಅಮ್ಮ: ಮಗಳ ಪ್ರಬಂಧ ಎಐ ಬರೆದದ್ದು ಅಂತ ಸಾಫ್ಟ್‌ವೇರ್ ಹೇಳಿದೆಯಂತೆ. ಸೊನ್ನೆ ಕೊಟ್ಟಿದ್ದಾರೆ. ಅವಳೇ ಬರೆದಿದ್ದು.

ಗಣಿತದ ಮೇಡಂ: ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ವರ್ಷನ್ ಹಿಸ್ಟರಿ ತೋರಿಸಲಿ, ಕರಡುಗಳನ್ನೂ ತೆಗೆದುಕೊಂಡು ಹೋಗಲಿ. ಓಪನ್‌ಎಐ ತನ್ನದೇ ಪತ್ತೆ ಯಂತ್ರವನ್ನು ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ಬರೀ ಸಾಫ್ಟ್‌ವೇರಿನ ಅಂಕಿ ನಂಬಿ ಗ್ರೇಡ್ ಹಾಕಬಾರದು ಅಂತ ನಮ್ಮ ಸಮಿತಿಯಲ್ಲೂ ವಾದ ಮಾಡುತ್ತಿದ್ದೇನೆ. ಮೊದಲು ಪ್ರೊಫೆಸರ್, ಆಮೇಲೆ ಡೀನ್. ಮಗಳೇ ಹೋಗಬೇಕು.

ಸನ್ನಿವೇಲ್ ಗೆಳೆಯ: ಮೇಡಂ, ಸಿ ಬಂದಿದೆ, ರಿಪೀಟ್ ಮಾಡಬಹುದಾ?

ಗಣಿತದ ಮೇಡಂ: ಮೇಲೆ ಓದಿ.

ಯೂನಿಯನ್ ಸಿಟಿ ಅಪ್ಪ: ಬರ್ಕ್ಲಿಗೆ ಟ್ಯಾಗ್ ಹಾಕಲು ಎಷ್ಟು ಜಿಪಿಎ?

ಗಣಿತದ ಮೇಡಂ: ಟ್ಯಾಗ್ ಅಂದರೆ ಟ್ರಾನ್ಸ್‌ಫರ್ ಸೀಟು ಖಾತ್ರಿ ಮಾಡುವ ಯುಸಿ ಒಪ್ಪಂದ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಅದರಲ್ಲಿ ಇಲ್ಲ. ಉಳಿದ ಆರು ಯುಸಿ ಕ್ಯಾಂಪಸ್ಸಿಗೂ ಅರ್ಜಿ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಮಿಲ್ಪಿಟಸ್ ಅಪ್ಪ: ಬೇರೆ ಕಾಲೇಜಿನಲ್ಲಿ ಅದೇ ಕೆಮಿಸ್ಟ್ರಿ ತೆಗೆದುಕೊಂಡರೆ ಸಿ ಹೋಗುತ್ತದಾ?

ಟ್ರೇಸಿ ಅಮ್ಮ: ಸಮ್ಮರ್‌ನಲ್ಲಿ ಸುಲಭವಾಗಿ ಎ ಕೊಡುವ ಪ್ರೊಫೆಸರ್ ಯಾರು ಅಂತ ಹೇಳಿ ಪ್ಲೀಸ್.

ಕ್ಯುಪರ್ಟಿನೋ ಮಾವ: ಮೇಡಂ, ಇನ್ನೊಂದು ಫಾರ್ವರ್ಡ್ ಬಂದಿದೆ, ಡೀನ್‌ಗೆ ವಕೀಲರ ಹೆಸರಿನಲ್ಲಿ ಮೇಲ್ ಹಾಕಿದರೆ

ಗಣಿತದ ಮೇಡಂ: ಬೇಡ. ಬೆಳಿಗ್ಗೆ ಹಾಕಿದ್ದನ್ನೇ ನೀವಿನ್ನೂ ಡಿಲೀಟ್ ಮಾಡಿಲ್ಲ. ಅದನ್ನು ನಂಬಿ ಒಬ್ಬ ಹುಡುಗ ವೀಸಾ ಕಳೆದುಕೊಳ್ಳುವುದರಲ್ಲಿದ್ದ.

ಕ್ಯುಪರ್ಟಿನೋ ಮಾವ: ನಾನು ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದು. ಎಲ್ಲರೆದುರು ಹೀಗೆ ಹೇಳಬೇಕಿತ್ತಾ?

ಸ್ಯಾಂಟಾ ಕ್ಲಾರಾ ಅಪ್ಪ: ಇಲ್ಲಿ ಪ್ರಶ್ನೆ ಕೇಳಿದರೂ ತಪ್ಪು.

ದಾವಣಗೆರೆ ಅಣ್ಣ: ಮೇಡಂ, ಸೋಮವಾರ ಬೆಳಿಗ್ಗೆ ಡಿಎಸ್‌ಒ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಹೆಲ್ತ್ ಸೆಂಟರಿಗೂ ಹೋಗಲು ಒಪ್ಪಿದ್ದಾನೆ. ಡಿಎಸ್‌ಒ ಸರಿ ಅಂದರೆ ಅಲ್ಲೇ ಡ್ರಾಪ್ ಮಾಡಬಹುದಾ?

ಗಣಿತದ ಮೇಡಂ: ಬಾಯಿ ಮಾತು ಸಾಲದು. ಸೆವಿಸ್‌ನಲ್ಲಿ ಕಡಿಮೆ ಯುನಿಟ್‌ನ ಒಪ್ಪಿಗೆ ಹಾಕಿದ್ದೇವೆ ಅಂತ ಅವರಿಂದ ಮೇಲ್ ಬರಲಿ, ಆಮೇಲೆ ಡ್ರಾಪ್. ಅದಕ್ಕೂ ಮುಂಚೆ ಕಾಲೇಜಿನ ಕ್ಯಾಲೆಂಡರಿನಲ್ಲಿ ಡಬ್ಲ್ಯು ಕೊನೇ ದಿನ ಯಾವುದು ನೋಡಿ ನನಗೆ ಹೇಳಿ.