ಅಪ್ಪನ ಹಳೇ ನೆಗೆಟಿವ್‌ಗಳನ್ನು ಮನೆಯಲ್ಲೇ ಸ್ಕ್ಯಾನ್ ಮಾಡಬಹುದಾ?

ಪ್ರಶ್ನೆ:
ಅಪ್ಪ ತೆಗೆದ ಕಪ್ಪು-ಬಿಳುಪು ನೆಗೆಟಿವ್‌ಗಳು ಒಂದು ಬಿಸ್ಕತ್ ಡಬ್ಬಿ ತುಂಬ ಇವೆ, ಎಲ್ಲಾ 35 ಎಂಎಂ. ಪ್ರಿಂಟರ್ ಜೊತೆ ಬಂದ ಸ್ಕ್ಯಾನರ್‌ನಲ್ಲಿ ಇಟ್ಟು ನೋಡಿದೆ, ಬರೀ ಕಪ್ಪು ಪಟ್ಟಿ ಬಂತು. ಅಜ್ಜಿಯ ಒಂದೇ ಒಂದು ಫೋಟೊ ಅದರಲ್ಲಿದೆ, ಹಾಳಾಗಬಾರದು. ಏನು ಮಾಡಲಿ?

ಉತ್ತರ 1:
ಸ್ಕ್ಯಾನರ್ ಕೆಟ್ಟಿಲ್ಲ. ಕಾಗದದ ಫೋಟೊಗೆ ಬೆಳಕು ಬಿದ್ದು ವಾಪಸ್ ಬಂದರೆ ಸಾಕು, ಫಿಲ್ಮ್‌ಗೆ ಹಾಗಲ್ಲ, ಬೆಳಕು ಅದರ ಮೂಲಕ ಹಾದು ಬರಬೇಕು. ಅದಕ್ಕೆ ಮುಚ್ಚಳದಲ್ಲೂ ದೀಪ ಇರುವ ಸ್ಕ್ಯಾನರ್ ಬೇಕು, ಎಪ್ಸನ್ ವಿ600 ಥರದ್ದು. 2400 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಇಡಿ, ಒಂದು ಫ್ರೇಮ್‌ಗೆ ಸುಮಾರು 3400 ಪಿಕ್ಸೆಲ್ ಅಗಲ ಸಿಗುತ್ತದೆ. ಸುಮ್ನೆ ಜಾಸ್ತಿ ಇಟ್ಟರೆ ಫೈಲ್ ದೊಡ್ಡದಾಗುತ್ತದೆ ಅಷ್ಟೇ. ಚಿತ್ರದ ಗುಣಮಟ್ಟ ಕೆಡದ ಟಿಫ್ ಫೈಲ್ ಆಗಿ ಉಳಿಸಿ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಚಿತ್ರದಲ್ಲಿ ಧೂಳಿನ ಕಲೆ ತೆಗೆಯುವ ‘ಡಿಜಿಟಲ್ ಐಸ್’ ಅನ್ನುವ ಸ್ಕ್ಯಾನರ್ ಆಯ್ಕೆಯನ್ನು ಆಫ್ ಮಾಡಿ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಹುಡುಕುತ್ತದೆ, ಆದರೆ ಕಪ್ಪು-ಬಿಳುಪು ಫಿಲ್ಮ್‌ನಲ್ಲಿರುವ ಬೆಳ್ಳಿ ಆ ಬೆಳಕನ್ನೂ ತಡೆಯುವುದರಿಂದ ಚಿತ್ರವನ್ನೇ ಧೂಳು ಅಂದುಕೊಂಡು ಕೆಡಿಸುತ್ತದೆ. ಫಿಲ್ಮ್ ಮೇಲಿನ ಧೂಳನ್ನು ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್‌ನಿಂದ ಊದಿ, ಬಾಯಿಂದ ಬೇಡ, ಎಂಜಲು ಹಾರುತ್ತದೆ. ಅಂಚು ಮಾತ್ರ ಹಿಡಿಯಿರಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್! ಗೆಳೆಯನ ಹತ್ತಿರ ಅಂಥ ಸ್ಕ್ಯಾನರ್ ಇದೆ, ಭಾನುವಾರ ಅಜ್ಜಿಯ ಫ್ರೇಮ್‌ನಿಂದಲೇ ಶುರು ಮಾಡುತ್ತೇನೆ.