ಸಹಾಯ ಬೇಕು: ಜೋಡುನಳಿಗೆ ಕೋವಿಯ ಲಿವರ್ ನಡುವಿಗೆ ಮರಳುತ್ತಿಲ್ಲ (ಪುಣೆ)

ಎಲ್ಲರಿಗೂ ನಮಸ್ಕಾರ. ಲೈಸೆನ್ಸ್ ಇರುವ ಹಳೇ 12 ಬೋರ್ ಕೋವಿ, ಬಾಕ್ಸ್‌ಲಾಕ್ (ಸಿಡಿಸುವ ಯಂತ್ರ ಪೆಟ್ಟಿಗೆಯಂಥ ಲೋಹದ ಚೌಕಟ್ಟಿನೊಳಗೇ ಇರುವ ಬಗೆ). ನಳಿಗೆ ಮುಚ್ಚಿದರೂ, ಅದನ್ನು ತೆರೆಯಲು ತಿರುಗಿಸುವ ಮೇಲಿನ ಲಿವರ್ ಬಲಕ್ಕೇ ನಿಲ್ಲುತ್ತದೆ, ಹೆಬ್ಬೆರಳಲ್ಲಿ ತಳ್ಳಿದರಷ್ಟೇ ಕೂರುತ್ತದೆ. ಲಿವರ್ ಪೂರ್ತಿ ಬಾರದಿದ್ದರೆ ಒಳಗಿನ ಬೋಲ್ಟ್ (ನಳಿಗೆಯನ್ನು ಬಿಗಿಹಿಡಿಯುವ ಅಗುಳಿ) ನಳಿಗೆಯಡಿಯ ಕಚ್ಚಿಗೆ ಅರೆಬರೆ ಕೂತಿರುತ್ತದೆ. ಹಾಗಾಗಿ ತೋಟಾ ಹಾಕುವ ಮಾತೇ ಇಲ್ಲ.

ನಳಿಗೆ ಕಳಚಿ, ಲಿವರನ್ನು ತೆರೆದೇ ಹಿಡಿಯುವ ಪುಟ್ಟ ಪಿನ್ ಒತ್ತಿದರೂ ಅದು ಚಟ್ಟನೆ ಮರಳುವುದಿಲ್ಲ. ಜೇನಿನಲ್ಲಿ ಅದ್ದಿದಂತೆ ತೆವಳುತ್ತದೆ. ನಳಿಗೆ ಇಲ್ಲದಾಗ ಸರಾಗವಾಗಿ ಓಡಿದ್ದರೆ ಕಚ್ಚನ್ನು ಅನುಮಾನಿಸಬಹುದಿತ್ತು. ಈಗ ಉಳಿದದ್ದು ಎರಡೇ: ಗಟ್ಟಿಯಾದ ಹಳೇ ಎಣ್ಣೆ (ಇಲ್ಲಿನ ಮಳೆಗಾಲದ ತುಕ್ಕೂ ಸೇರಿ), ಇಲ್ಲವೇ ಸೋತ ಸ್ಪ್ರಿಂಗ್. ಮರಕ್ಕೆ ತಾಗದಂತೆ ಲಿವರ್ ಬುಡಕ್ಕೆ ಸೀಮೆಎಣ್ಣೆ ಹನಿಸಿ, ಒರೆಸಿ, ತೆಳು ಎಣ್ಣೆ ಬಿಟ್ಟ ಮೇಲೂ ಹೆಚ್ಚು ಬದಲಾಗಿಲ್ಲ. ವಿ ಆಕಾರದ ಸ್ಪ್ರಿಂಗಿನ ಒಂದು ತೋಳು ಮುರಿದಿರಬೇಕು ಎಂಬುದೇ ನನ್ನ ಅನುಮಾನ.

ತಿಳಿದವರು ಹೇಳಿ: ಇಂಥ ಕೋವಿಯಲ್ಲಿ ಕೆಳಗಿನ ತಗಡು ತೆಗೆದರೆ ಸ್ಪ್ರಿಂಗ್ ಸಿಗುತ್ತದೆಯೇ, ಮರದ ಹಿಡಿಯನ್ನೇ ಬಿಚ್ಚಬೇಕೇ? ಸ್ಕ್ರೂಗಳ ಸೀಳು ಬಹಳ ತೆಳು, ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ತಲೆ ಕಿತ್ತುಹೋಗುತ್ತದೆ. ಬೋಲ್ಟ್ ಅರ ಹಾಕಿ ಉಜ್ಜುವ ಸಲಹೆ ದಯವಿಟ್ಟು ಬೇಡ. ಒಮ್ಮೆ ಸವೆದರೆ ನಳಿಗೆ ಸಡಿಲವಾಗುತ್ತದೆ.

ಪುಣೆ ಅಥವಾ ಮುಂಬಯಿಯಲ್ಲಿ ವಿ ಸ್ಪ್ರಿಂಗ್ ಕೈಯಲ್ಲೇ ಮಾಡಿ ಹದ ಹಾಕಿಕೊಡುವ, ರಿಪೇರಿ ಲೈಸೆನ್ಸ್ ಇರುವ ಅಂಗಡಿ ಗೊತ್ತಿದ್ದರೆ ಮೆಸೇಜ್ ಮಾಡಿ.