ಬೀಡಿ ಕಟ್ಟುವ ಫೋಟೋ ಕಪ್ಪುಬಿಳುಪು ಮಾಡಿದ್ರೆ ಅತ್ತಿಗೆ ಒಪ್ಪುದಿಲ್ಲ

ಬಂಟ್ವಾಳದವ:
ನಮ್ಮ ಕಡೆ ಮನೆಮನೆಯಲ್ಲಿ ಹೆಂಗಸರು ಬೀಡಿ ಕಟ್ಟುದು ಹೊಸ ಸಂಗತಿ ಅಲ್ಲ. ಅತ್ತಿಗೆಯೂ ಕಟ್ತಾರೆ. ಈ ಮಳೆಗಾಲ ಅವರದ್ದು, ನೆರೆಕರೆಯವರದ್ದು ಫೋಟೋ ತೆಗೀತಾ ಇದ್ದೇನೆ. ಜಗಲಿಯಲ್ಲಿ ಕೂತಿರ್ತಾರೆ, ಮಡಿಲಲ್ಲಿ ಎಲೆ, ಹೊಗೆಸೊಪ್ಪು ಇಡುವ ತಡ್ಪೆ (ಮೊರ), ಒಂದೇ ಬದಿಯಿಂದ ಬೆಳಕು. ಕಪ್ಪುಬಿಳುಪಿಗೆ ಹಾಕಿದ ಮೇಲೆ ನನಗೆ ಭಾರೀ ಖುಷಿ. ಅತ್ತಿಗೆಗೆ ತೋರಿಸಿದ್ರೆ, "ಎಂತ ಮಾರಾಯ, ನನ್ನನ್ನು ಗತಿಗೆಟ್ಟವಳ ಹಾಗೆ ಮಾಡಿದ್ದಿ" ಅಂದ್ರು.

ಅವರು ಹೇಳಿದ್ದು ಸುಳ್ಳಲ್ಲ. ಉಟ್ಟದ್ದು ಹೊಸ ಹಸಿರು ಸೀರೆ, ಗೋಡೆಗೆ ಮೊನ್ನೆಮೊನ್ನೆ ನೀಲಿ ಬಣ್ಣ ಹೊಡೆಸಿದ್ದು. ಬಣ್ಣ ತೆಗೆದ ಕೂಡ್ಲೇ ಸೀರೆ ಹಳತಾಯ್ತು, ಗೋಡೆ ಮಸಿ ಹಿಡಿದ ಹಾಗೆ ಆಯ್ತು. ಬೀಡಿ ಎಲೆಯೂ ಹೊಗೆಸೊಪ್ಪೂ ಒಂದೇ ಬೂದಿ. ಹಾಗಂತ ಬಣ್ಣ ಉಳಿಸಿದ್ರೆ ಹಿಂದಿನ ಕೆಂಪು ಬಕೆಟ್ಟೇ ಕಣ್ಣಿಗೆ ಹೊಡೀತದೆ, ಕೈಕೆಲಸ ಕಾಣುದೇ ಇಲ್ಲ. ಎಂತ ಮಾಡುದು?

ಡಾರ್ಕ್‌ರೂಮ್ ಮೈಸೂರು:
ಬಕೆಟ್ಟನ್ನು ಎತ್ತಿ ಪಕ್ಕಕ್ಕಿಡೋದು ಸುಲಭ, ಆದ್ರೆ ಇಡಬೇಡಿ, ಅದು ಅವರ ಮನೆ. ಅರ್ಧ ಹೆಜ್ಜೆ ನೀವೇ ಸರಿದು ನಿಲ್ಲಿ.

ಎಲೆ, ಹೊಗೆಸೊಪ್ಪು ಬೇರೆಬೇರೆ ಕಾಣಬೇಕಾದ್ರೆ ಒಂದೇ ಗುಂಡಿ ಒತ್ತಿ ಬಣ್ಣ ತೆಗೀಬೇಡಿ. ಕಪ್ಪುಬಿಳುಪಿಗೆ ತಿರುಗಿಸುವಾಗ ಒಂದೊಂದು ಬಣ್ಣಕ್ಕೂ ಸ್ಲೈಡರ್ ಇರುತ್ತೆ, ಏರಿಸಿದ್ರೆ ಆ ಬಣ್ಣದ ಜಾಗ ಬೆಳ್ಳಗಾಗುತ್ತೆ, ಇಳಿಸಿದ್ರೆ ಕಪ್ಪಾಗುತ್ತೆ. ನೆನೆಸಿದ ಎಲೆಯಲ್ಲಿ ಹಸಿರು ಉಳಿದಿದ್ರೆ ಹಸಿರು ಇಳಿಸಿ, ಹಳದಿ ಸ್ವಲ್ಪ ಏರಿಸಿ. ಕಿತ್ತಳೆ ಮುಟ್ಟುವಾಗ ಜೋಪಾನ, ಮುಖ ಸುಣ್ಣ ಬಳಿದ ಹಾಗಾಗುತ್ತೆ. ನೀಲಿ ಏರಿಸಿದ್ರೆ ಗೋಡೆಯ ಮಸಿಯೂ ಹೋಗುತ್ತೆ. ಷಟರ್ ವೇಗ 1/60 ಸೆಕೆಂಡ್ ಇಟ್ರೆ ಮುಖ ನಿಲ್ಲುತ್ತೆ, ಸುತ್ತುವ ಬೆರಳು ಕದಲುತ್ತೆ. ನನಗೆ ಅದೇ ಇಷ್ಟ.

ಇನ್ನೊಂದು ಮಾತು. ಬಡವರ ಫೋಟೋ ಅಂದ್ರೆ ಕಪ್ಪುಬಿಳುಪೇ ಅನ್ನೋದು ನಮ್ಮ ಕಣ್ಣಿಗೆ ಅಂಟಿದ ಚಾಳಿ. ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲ ಅಂದ್ರೆ ಎಲ್ಲರಿಗೂ ನೆನಪಾಗೋದು 1936ರಲ್ಲಿ ಡೊರೊಥಿಯಾ ಲ್ಯಾಂಗ್ ಅಲ್ಲಿನ ಸರ್ಕಾರದ ಫೋಟೋ ಯೋಜನೆಗಾಗಿ ತೆಗೆದ ವಲಸೆ ತಾಯಿಯ ಫೋಟೋ. ಅದೇ ಯೋಜನೆಯ ಇನ್ನೊಬ್ಬ ಫೋಟೋಗ್ರಾಫರ್ ರಸೆಲ್ ಲೀ 1940ರಲ್ಲಿ ನ್ಯೂ ಮೆಕ್ಸಿಕೋದ ಪೈ ಟೌನ್‌ನ ರೈತರನ್ನು ಕೊಡಾಕ್ರೋಮ್ ಬಣ್ಣದ ಫಿಲ್ಮಿನಲ್ಲೂ ತೆಗೆದಿದ್ದಾರೆ. ನೋಡಿದ್ರೆ, ಅರೆ, ಇವರ ಆಕಾಶವೂ ನೀಲಿಯಾಗಿತ್ತಾ ಅನ್ನಿಸುತ್ತೆ.

ಒಂದು ಕಪ್ ಕಾಫಿ:
ಲ್ಯಾಂಗ್ ಆ ತಾಯಿಯ ಹೆಸರನ್ನೇ ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ಆಕೆಗೂ ಆ ಫೋಟೋ ಮೇಲೆ ಸಿಟ್ಟಿತ್ತು. ನಿಮ್ಮತ್ತಿಗೆಗಾದ್ರೆ ನಿಮ್ಮನ್ನು ಬೈಯುವ ಅನುಕೂಲ ಇದೆ!

ನೀವು ಮಿಲ್ಟನ್ ರೊಗೊವಿನ್ ಕೆಲಸ ನೋಡಿ. ಅಮೆರಿಕದ ಬಫಲೋ ಊರಿನ ಕಣ್ಣಿನ ಪರೀಕ್ಷಕ, ಫೋಟೋಗ್ರಾಫರ್ ಕೂಡ, ಬಿಟ್ಟೂಬಿಡದೆ ಕಪ್ಪುಬಿಳುಪು. ಕಾರ್ಖಾನೆಯವರನ್ನು ಮೊದಲು ಕೆಲಸದ ಜಾಗದಲ್ಲಿ ತೆಗೀತಿದ್ರು, ಆಮೇಲೆ ಅದೇ ಜನರನ್ನು ಅವರ ಮನೆಯಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಸಿ ಮೆತ್ತಿದ ಮುಖದವರು ಸೋಫಾದ ಮೇಲೆ ಬೇರೆಯೇ ಮನುಷ್ಯರು. ಹೇಗೆ ನಿಲ್ಲಬೇಕು ಅಂತ ಹೇಳ್ತಿರಲಿಲ್ಲ, ಫೋಟೋ ತಂದು ಕೊಡ್ತಿದ್ರು. 1972ರಲ್ಲಿ ತೆಗೆದ ಕುಟುಂಬಗಳಲ್ಲಿ ಕೆಲವನ್ನು ಮೂರು ದಶಕಗಳಲ್ಲಿ ಮತ್ತೆಮತ್ತೆ ಹುಡುಕಿ ತೆಗೆದರು.

ಅತ್ತಿಗೆಯವರನ್ನೇ ಕೇಳಿ, ಇನ್ನೊಂದು ಫೋಟೋ ಎಲ್ಲಿ, ಯಾವ ಸೀರೆಯಲ್ಲಿ ಅಂತ. ಅದೂ ಕಪ್ಪುಬಿಳುಪಲ್ಲೇ ಇರಲಿ. ಆಗ ಬಡವಿ ಅನ್ನಿಸಿದ್ದು ಬಣ್ಣ ಹೋಗಿದ್ದಕ್ಕೋ, ನೀವು ಬರೀ ತಡ್ಪೆಯ ಜೊತೆಗೇ ಅವರನ್ನು ನೋಡಿದ್ದಕ್ಕೋ ತಿಳಿಯುತ್ತೆ. ನನ್ನ ಅನುಮಾನ ಎರಡನೆಯದರ ಮೇಲೆ.

ಪುತ್ತೂರಿನವಳು:
ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದ್ದು. ಎಲ್ಲ ಫೋಟೋದವರೂ ಬೆರಳು ತೆಗೀತಾರೆ, ಕಟ್ಟಿದ ಬೀಡಿ ಕೊಟ್ಟು ಬರುವ ಕಂಪೆನಿಯ ಬ್ರಾಂಚ್ ಒಬ್ರೂ ತೆಗೆಯುದಿಲ್ಲ. ಇಪ್ಪತ್ತೈದರ ಕಟ್ಟು ಕೈಯಲ್ಲಿ ಹಿಡಿದು, ತಲೆ ಸರಿ ಮಡಚಲಿಲ್ಲ, ಸಪೂರ ಆಯ್ತು ಅಂತ ಬದಿಗೆ ಹಾಕ್ತಾರಲ್ಲ, ಆಗ ಮೇಜಿನ ಈಚೆ ನಿಂತವರ ಮುಖ ನೋಡಿ. ಹಾಗೆ ಹೋದ ಬೀಡಿಗೆ ಅಮ್ಮನಿಗೆ ಮಜೂರಿ ಸಿಕ್ತಾ ಇರ್ಲಿಲ್ಲ. ಮತ್ತೆ ಬೀಡಿಯ ನೂಲಿನ ಬಣ್ಣ. ಕಂಪೆನಿಗೊಂದು ಬಣ್ಣ. ಕಪ್ಪುಬಿಳುಪಲ್ಲಿ ಅದು ಹೋಗ್ತದೆ, ಅಡಿಬರಹದಲ್ಲಾದ್ರೂ ಬರೀರಿ, ಸಾವಿರಕ್ಕೆ ಎಷ್ಟು ಮಜೂರಿ ಅಂತಲೂ.

ಬಂಟ್ವಾಳದವ:
ಬ್ರಾಂಚಿನ ಒಳಗೆ ಕ್ಯಾಮೆರಾ ಬಿಡ್ತಾರಾ ಅಕ್ಕ?

ಪುತ್ತೂರಿನವಳು:
ಮೊದಲು ಕೇಳಿ. ಬೇಡ ಅಂದ್ರೆ ಹೊರಗೆ ಸಾಲು ನಿಲ್ತದಲ್ಲ, ಅಲ್ಲಿಂದ ತೆಗೀಬಹುದು. ಆದ್ರೆ ಸಾಲಿನವರನ್ನೂ ಕೇಳ್ಬೇಕು. ಅತ್ತಿಗೆಯ ಜೊತೆಗೇ ಹೋಗಿ, ಚೀಲ ನೀವು ಹೊತ್ಕೊಳ್ಳಿ.